ಆರಿಸುವವರು ಒಬ್ಬರು, ದುಡ್ಡು ಕೊಡುವವರು ಇನ್ನೊಬ್ಬರು

ಅಂಗಡಿಯಲ್ಲಿ ಅಕ್ಕಿ ಆರಿಸುವವರೂ ನಾವೇ, ದುಡ್ಡು ಕೊಡುವವರೂ ನಾವೇ. ಅಮೆರಿಕದ ಆಸ್ಪತ್ರೆಗಳಲ್ಲಿ ಹಾಗಲ್ಲ. ಮಂಡಿ ಬದಲಿಸುವ ಆಪರೇಷನ್‌ಗೆ ಯಾವ ಕಂಪನಿಯ ಇಂಪ್ಲಾಂಟ್ ಬೇಕೆಂದು ಸಾಮಾನ್ಯವಾಗಿ ಹೇಳುವವರು ಸರ್ಜನ್. ಬಿಲ್ ಕಟ್ಟುವುದು ಆಸ್ಪತ್ರೆ. ಮೆಡಿಕೇರ್ ಕೊಡುವುದು ಇಡೀ ಚಿಕಿತ್ಸೆಗೆ ಮೊದಲೇ ಗೊತ್ತುಮಾಡಿದ ಮೊತ್ತ. ಇಂಪ್ಲಾಂಟ್ ದುಬಾರಿಯಾದಷ್ಟೂ ಆಸ್ಪತ್ರೆಯ ಕೈಯಲ್ಲಿ ಉಳಿಯುವುದು ಕಡಿಮೆ.

ಹಾಗಾಗಿ ಮೆಡಿಕಲ್ ಡಿವೈಸ್ ಕಂಪನಿಗಳ ವಾರ್ಷಿಕ ವರದಿ ಓದುವಾಗ ನಾನು ಮೊದಲು ಕೇಳಿಕೊಳ್ಳುವುದು: ಈ ಲಾಭ ಬಂದದ್ದು ಒಳ್ಳೆಯ ವಸ್ತುವಿನಿಂದಲೋ, ಬರೀ ಪರಿಚಯದಿಂದಲೋ?

ಪರಿಚಯವೇ ತಪ್ಪಲ್ಲ. ಆಪರೇಷನ್ ಥಿಯೇಟರ್‌ನಲ್ಲಿ ನಿಲ್ಲುವ ಕಂಪನಿ ಪ್ರತಿನಿಧಿಗೆ ಉಪಕರಣಗಳ ಪ್ರತಿ ಅಳತೆಯೂ ಗೊತ್ತಿರುತ್ತದೆ. ಪರಿಚಯ ಹಣವಾಗಿ ತಿರುಗಿದಾಗ ತೊಂದರೆ. ಸರ್ಜನ್‌ಗಳಿಗೆ ಸಲಹಾ ಶುಲ್ಕದ ಹೆಸರಿನಲ್ಲಿ ಹಣ ಕೊಟ್ಟು ತಮ್ಮ ಇಂಪ್ಲಾಂಟ್ ಬಳಸುವಂತೆ ಮಾಡಿದ ಆರೋಪದ ಮೇಲೆ 2007ರಲ್ಲಿ ಜಿಮ್ಮರ್, ಡಿಪ್ಯೂ, ಬಯೋಮೆಟ್, ಸ್ಮಿತ್ ಅಂಡ್ ನೆಫ್ಯೂ ಒಟ್ಟು 31.1 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡವು. 2010ರ ಸನ್‌ಶೈನ್ ಕಾಯ್ದೆಯ ಫಲವಾಗಿ 2014ರಿಂದ ಇಂಥ ಪಾವತಿಗಳು ಸರ್ಕಾರದ ಓಪನ್ ಪೇಮೆಂಟ್ಸ್ ತಾಣದಲ್ಲಿವೆ. ನಿಮ್ಮ ಡಾಕ್ಟರ ಹೆಸರನ್ನೂ ಅಲ್ಲಿ ಹುಡುಕಬಹುದು.

ಚೆನ್ನಾಗಿ ನಡೆಯುವ ಆಸ್ಪತ್ರೆಗಳು ಈ ಸಂಬಂಧಕ್ಕೆ ಮೂರು ಕಟ್ಟುಪಾಡು ಹಾಕುತ್ತವೆ:

1. ಹೊಸ ವಸ್ತು ಬೇಕೆಂದರೆ ಸರ್ಜನ್, ನರ್ಸ್, ಖರೀದಿ ಮತ್ತು ಫೈನಾನ್ಸ್ ವಿಭಾಗದವರು ಒಟ್ಟಿಗೆ ಕೂತು ನಿರ್ಧರಿಸುತ್ತಾರೆ. ಮಾರುವ ಕಂಪನಿಯಿಂದ ಹಣ ಪಡೆದವರು ಅದನ್ನು ಮೊದಲೇ ಹೇಳಿ, ಮತದಿಂದ ಹೊರಗುಳಿಯುತ್ತಾರೆ.

2. ಪ್ರತಿನಿಧಿ ಒಳಗೆ ಬರಬೇಕಾದರೆ ಖರೀದಿ ವಿಭಾಗದ ಮೂಲಕವೇ ಬರಬೇಕು. ಅನುಮತಿಯಿಲ್ಲದೆ ತಂದ ವಸ್ತುವಿಗೆ ಬಿಲ್ ಇಲ್ಲ.

3. ಎರಡು ಮೂರು ಕಂಪನಿಗಳನ್ನು ಇಟ್ಟುಕೊಂಡು, ಎಲ್ಲಕ್ಕೂ ಒಂದೇ ಗರಿಷ್ಠ ಬೆಲೆ ಗೊತ್ತುಮಾಡುತ್ತಾರೆ. ಸರ್ಜನ್‌ಗೆ ಆಯ್ಕೆ ಉಳಿಯುತ್ತದೆ, ಆಸ್ಪತ್ರೆಗೆ ಹಣವೂ ಉಳಿಯುತ್ತದೆ.

ವೈಜಿಯೆಂಟ್, ಪ್ರೀಮಿಯರ್‌ನಂಥ ಜಿಪಿಒಗಳು, ಅಂದರೆ ಹಲವು ಆಸ್ಪತ್ರೆಗಳ ಪರವಾಗಿ ಒಟ್ಟಾಗಿ ಚೌಕಾಸಿ ಮಾಡುವ ಸಂಸ್ಥೆಗಳು, ಈ ಕೆಲಸಕ್ಕೆ ನೆರವಾಗುತ್ತವೆ. ಆದರೆ ಅವುಗಳಿಗೂ ಶುಲ್ಕ ಕೊಡುವುದು ಮಾರುವ ಕಂಪನಿಗಳೇ! ಈ ಶುಲ್ಕಕ್ಕೆ ಕಾನೂನಿನ ರಕ್ಷಣೆ ಬೇಕಿದ್ದರೆ, ಅದು ಖರೀದಿ ಬೆಲೆಯ ಶೇ. 3ರೊಳಗೆ ಇದೆಯೆಂದು ಒಪ್ಪಂದದಲ್ಲಿ ಬರೆದಿರಬೇಕು. ಇಲ್ಲವಾದರೆ ಎಷ್ಟೆಂದು ಸ್ಪಷ್ಟವಾಗಿ ನಮೂದಿಸಿರಬೇಕು.

ಷೇರು ಕೊಳ್ಳುವ ಮುನ್ನ ಕಂಪನಿಯ ಟೆನ್-ಕೆ ವರದಿಯಲ್ಲಿ ಮೂರು ಕಡೆ ನೋಡಿ: ಮಾರಾಟದ ಖರ್ಚು, ಜಿಪಿಒ ಒಪ್ಪಂದಗಳ ಬಗೆಗಿನ ರಿಸ್ಕ್, ಕಾನೂನು ವಿವಾದಗಳು. ಪರಿಚಯದ ಮೇಲೆಯೇ ನಿಂತ ಲಾಭ ಒಂದು ಖರೀದಿ ಸಮಿತಿ ಗಟ್ಟಿಯಾದರೆ ಕರಗುತ್ತದೆ. ಒಳ್ಳೆಯ ವಸ್ತುವಿನ ಲಾಭ ಅದೇ ಸಮಿತಿಯ ಮುಂದೆ ಗೆದ್ದು ಬರುತ್ತದೆ.