ಆವಣಿಯ ಕೆರೆಯ ದಂಡೆಯಲ್ಲಿ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಯಾವುದೂ ಇಲ್ಲ. ನಂದಿಬೆಟ್ಟದ ಕಡೆ ಹುಟ್ಟುವ ಪಾಲಾರ್ ಈ ಜಿಲ್ಲೆಯನ್ನು ಹಾದುಹೋಗುವುದಾದರೂ ಬಹುಕಾಲ ಅದರ ಪಾತ್ರದಲ್ಲಿ ಮರಳೇ ಕಾಣುತ್ತದೆ. ಆದುದರಿಂದ ನಮ್ಮ ಹಿರಿಯರು ಬೆಟ್ಟಗುಡ್ಡಗಳ ಬುಡದಲ್ಲಿ ಏರಿಗಳನ್ನು ಕಟ್ಟಿ ಮಳೆಯ ನೀರನ್ನು ತಡೆದು ನಿಲ್ಲಿಸಿದರು. ಗದ್ದೆಗೆ ನೀರು ಬಿಡಲು ತೂಬು, ಹೆಚ್ಚಾದ ನೀರು ಹರಿದುಹೋಗಲು ಕೋಡಿ, ನೀರನ್ನು ಹಂಚಲು ನೀರಗಂಟಿ, ಹೀಗೆ ಪ್ರತಿಯೊಂದು ಕೆರೆಯೂ ಒಂದು ವ್ಯವಸ್ಥೆಯಾಗಿತ್ತು. ಊರೂರಿನ ಜಾತ್ರೆಗಳು ನೆರೆಯುತ್ತಿದ್ದುದೂ ಬಹುಮಟ್ಟಿಗೆ ಕೆರೆಗಳ ಬಳಿಯಲ್ಲಿಯೇ. ಜನರಿಗೂ ದನಗಳಿಗೂ ಮೊದಲು ಬೇಕಾದುದು ನೀರಲ್ಲವೆ?

ಮುಳಬಾಗಿಲಿನಿಂದ ನೈರುತ್ಯಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ ಆವಣಿ ಎಂಬ ಊರಿದೆ. ಊರಿನ ಬೆನ್ನಿಗೆ ದೊಡ್ಡ ದೊಡ್ಡ ಬಂಡೆಗಳ ಬೆಟ್ಟ. ವಾಲ್ಮೀಕಿಯ ಆಶ್ರಮ ಇಲ್ಲಿಯೇ ಇದ್ದಿತೆಂದೂ, ಸೀತೆ ಲವಕುಶರನ್ನು ಹೆತ್ತುದು ಈ ಬೆಟ್ಟದಲ್ಲಿಯೇ ಎಂದೂ ಜನರ ನಂಬಿಕೆ. ಬೆಟ್ಟದ ಮೇಲೆ ಸೀತಾ ಪಾರ್ವತಿಯ ಗುಡಿಯಿದೆ. ಕೆಳಗೆ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂಬ ಹೆಸರಿನ ಗುಡಿಗಳಿವೆ. ಇವು ನೊಳಂಬರ ಕಾಲದ ಶಿಲ್ಪಕ್ಕೆ ಒಳ್ಳೆಯ ಮಾದರಿಗಳು. ಹತ್ತನೆಯ ಶತಮಾನದಲ್ಲಿ ತ್ರಿಭುವನಕರ್ತಾರನೆಂಬ ಯತಿಯೊಬ್ಬನು ಇಲ್ಲಿ ನಲವತ್ತು ವರ್ಷ ಕಾಲ ಇದ್ದು, ಐವತ್ತು ಗುಡಿಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಶಾಸನ ತಿಳಿಸುತ್ತದೆ. ಗುಡಿಗಳ ಜೊತೆಗೆ ಕೆರೆಗಳನ್ನೂ ಎಣಿಸಿ ಕಲ್ಲಿನಲ್ಲಿ ಬರೆಸಿದುದು ಗಮನಿಸಬೇಕಾದ ಸಂಗತಿ.

ಶಿವರಾತ್ರಿಯ ಸಮಯದಲ್ಲಿ ಆವಣಿಯಲ್ಲಿ ತೇರು. ಅದರೊಡನೆ ದನಗಳ ಜಾತ್ರೆ. ಸುಮಾರು 1970ರಲ್ಲಿ, ನನಗೆ ಹತ್ತು ವರ್ಷವಾಗಿದ್ದಾಗ, ನಮ್ಮ ಮನೆಯವರೆಲ್ಲ ಆ ಜಾತ್ರೆಗೆ ಹೋಗಿ ಮೂರು ದಿನ ಕೆರೆಯ ಬಳಿ ತಂಗಿದ್ದೆವು. ಆಗ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ.

ಆ ಕಾಲದಲ್ಲಿ ಮುಳಬಾಗಿಲಿನಲ್ಲಿ ಜಟಕಾ ಗಾಡಿಗಳಿದ್ದವು. ನಮ್ಮ ತಾತನಿಗೆ ಪರಿಚಯದ ಸಾಹೇಬರೊಬ್ಬರ ಗಾಡಿಯನ್ನು ಗೊತ್ತುಮಾಡಿದೆವು. ಪಾತ್ರೆ, ರಾಗಿಹಿಟ್ಟು, ಚಾಪೆ, ಕಂಬಳಿಗಳನ್ನು ತುಂಬಿ ನಸುಕಿನಲ್ಲಿ ಹೊರಟೆವು. ಜಟಕಾಕ್ಕೆ ಎರಡೇ ಚಕ್ರ. ಭಾರ ಹಿಂದಾದರೆ ಮೂಕಿ ಮೇಲೇಳುತ್ತದೆ. ಮುಂದಾದರೆ ಕುದುರೆಯ ಬೆನ್ನಿನ ಮೇಲೆ ಬೀಳುತ್ತದೆ. ಸಾಹೇಬರು ನಮ್ಮನ್ನು “ಒಂದಿಷ್ಟು ಮುಂದೆ ಬನ್ನಿ, ಅಮ್ಮಾ, ನೀವು ಹಿಂದೆ ಸರಿಯಿರಿ” ಎಂದು ಹೊಂದಿಸಿ ಕೂರಿಸಿದರು. ಏರು ಬಂದಾಗಲೆಲ್ಲ ತಾವು ಇಳಿದು ನಡೆದರು, ಗಂಡಸರನ್ನೂ ಇಳಿಸಿದರು. ಚಾವಟಿ ಗಾಡಿಯ ಪಕ್ಕದಲ್ಲಿಯೇ ಇದ್ದಿತು. ಅದನ್ನು ಅವರು ಎತ್ತಿದುದನ್ನು ನಾನು ಕಾಣಲಿಲ್ಲ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ‘ಮಂಕುತಿಮ್ಮನ ಕಗ್ಗ’ದಲ್ಲಿ ಬದುಕನ್ನು ಜಟಕಾಬಂಡಿಗೆ ಹೋಲಿಸಿರುವುದನ್ನು ಮುಂದೆ ಓದಿದಾಗ, ನನ್ನ ಕಣ್ಣಮುಂದೆ ಬಂದುದು ಈ ಗಾಡಿಯೇ.

ಕೆರೆಯ ದಂಡೆಯಲ್ಲಿ ಆಗಲೇ ನೂರಾರು ಗಾಡಿಗಳು ಇಳಿದಿದ್ದವು. ಮಾಲೂರು, ಶ್ರೀನಿವಾಸಪುರ, ಕೋಲಾರದ ಕಡೆಯ ರೈತರು ಬಂದಿದ್ದರು. ಗಡಿಯಾಚೆಯ ಆಂಧ್ರದವರೂ ಇದ್ದರು. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಹುಣಸೆಮರದ ಕೆಳಗೆ ಕೇಳಿಬರುತ್ತಿದ್ದವು. ಮೂರು ಕಲ್ಲುಗಳ ಒಲೆ ಹೂಡಿ ಮುದ್ದೆ ಮಾಡುವವರು, ಎತ್ತಿನ ಹಲ್ಲು ನೋಡಿ ಬೆಲೆ ಕಟ್ಟುವವರು, ದನಗಳಿಗೆ ನೀರು ಕುಡಿಸುವವರು. ದಂಡೆಯೇ ಒಂದು ಊರಾಗಿದ್ದಿತು. ಸಾಹೇಬರು ಕುದುರೆಯನ್ನು ಬಿಚ್ಚಿ, ಮೈಯಾರುವವರೆಗೆ ಮೆಲ್ಲನೆ ತಿರುಗಾಡಿಸಿ, ಆಮೇಲೆ ನೀರು ಕುಡಿಸಿದರು. ನೆನೆಸಿದ ಹುರುಳಿಯನ್ನು ಪಾವಿನಲ್ಲಿ ಅಳೆದು ಕೊಟ್ಟರು. ಅದರ ಊಟವಾದ ಮೇಲೆಯೇ ಅವರ ಊಟ.

ಮರುದಿನ ಶಿವರಾತ್ರಿ. ಮನೆಯವರಿಗೆಲ್ಲ ಉಪವಾಸ. ಮಧ್ಯಾಹ್ನ ತಾತ ಬಂಡೆಯ ನೆರಳಿನಲ್ಲಿ ಕುಳಿತು ಲವನು ಯಜ್ಞದ ಕುದುರೆಯನ್ನು ಕಟ್ಟಿದ ಕಥೆಯನ್ನು ಹೇಳಿದರು. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಬರುವ ಆ ಕಥೆಯಲ್ಲಿ ಹುಡುಗನು ತನ್ನ ಉತ್ತರೀಯದಿಂದ ಕುದುರೆಯನ್ನು ಬಾಳೆಯ ಗಿಡಕ್ಕೆ ಕಟ್ಟುತ್ತಾನೆ. ನನಗೆ ರೋಮಾಂಚನವಾಯಿತು. ಆ ಬೆಟ್ಟವೇ ಇದು. ಇಲ್ಲಿ ನನಗೂ ಒಂದು ಕುದುರೆಯಿದೆ! ಎಲ್ಲರೂ ಗುಡಿಗೆ ಹೋದಾಗ ನಾನು ಅದರ ಬಳಿಗೆ ಹೋದೆ. ಉಪವಾಸದ ಸಂಕಟ ನನಗೆ ತಿಳಿದಿದ್ದಿತು. ಪಾಪ, ಇದಕ್ಕೇಕೆ ಅಳತೆಯ ಊಟ ಎನಿಸಿತು. ಗಾಡಿಯೊಳಗಿನ ಚೀಲದಿಂದ ಒಣ ಹುರುಳಿಯನ್ನು ಬೊಗಸೆ ಬೊಗಸೆಯಾಗಿ ಕೊಟ್ಟೆ. ಅದು ತಿಂದಷ್ಟೂ ನನಗೆ ಸಂತೋಷ. ಆಮೇಲೆ ಕೆರೆಗೆ ಕರೆದೊಯ್ದು ಹೊಟ್ಟೆತುಂಬ ನೀರು ಕುಡಿಸಿದೆ.

ಕತ್ತಲಾಗುವ ವೇಳೆಗೆ ಕುದುರೆ ಹುಲ್ಲಿಗೆ ಬಾಯಿಡದೆ ತಲೆ ತಗ್ಗಿಸಿ ನಿಂತಿತು. “ದಾರಿಯ ಆಯಾಸ ಇರಬೇಕು, ಹುರುಳಿ ಬೇಯಿಸಿ ಗಂಜಿ ಕೊಡುತ್ತೇನೆ” ಎಂದು ಸಾಹೇಬರು ಒಲೆ ಹಚ್ಚಿದರು. ಚೀಲ ಎತ್ತಿದರೆ ಅದು ಬಹುಪಾಲು ಬರಿದಾಗಿದ್ದಿತು. ನಮ್ಮ ಮಾವ ಕೂಡಲೆ, “ಆ ದನ ಕಾಯುವ ಹುಡುಗ ಮಧ್ಯಾಹ್ನ ಇಲ್ಲೇ ಸುಳಿಯುತ್ತಿದ್ದ, ಅವನೇ ಕದ್ದಿರಬೇಕು” ಎಂದರು. ಸಾಹೇಬರು ಏನೂ ಹೇಳದೆ ಪಕ್ಕದ ಗಾಡಿಯವರಿಂದ ಹುರುಳಿಯನ್ನು ಕಡ ತಂದರು.

ನನ್ನ ನಾಲಗೆ ಒಣಗಿತು. ಹೇಳಿದರೆ ಏಟು ಖಂಡಿತ. ಅಷ್ಟರಲ್ಲಿ ಕುದುರೆ ಮುಂಗಾಲಿನಿಂದ ನೆಲ ಕೆರೆಯಿತು. ಮತ್ತೆ ಮತ್ತೆ ತನ್ನ ಹೊಟ್ಟೆಯ ಕಡೆಗೆ ತಿರುಗಿ ನೋಡಿತು. ಅತ್ತ ಮಾವ ಆ ಹುಡುಗನ ತೋಳು ಹಿಡಿದು ಎಳೆದುತರುತ್ತಿದ್ದರು. ನನಗೆ ತಡೆಯಲಾಗಲಿಲ್ಲ. “ತಾತಾ, ಗಂಜಿ ಕೊಡಬೇಡಿ. ಹುರುಳಿಯನ್ನೆಲ್ಲ ನಾನೇ ಕೊಟ್ಟೆ” ಎಂದು ಸಾಹೇಬರ ಮುಂದೆ ಅತ್ತುಬಿಟ್ಟೆ.

ಅವರು ಒಲೆಯ ಮೇಲಿನ ಪಾತ್ರೆಯನ್ನು ಕೂಡಲೆ ಇಳಿಸಿದರು. “ಎಷ್ಟು ಕೊಟ್ಟೆ, ಬೇಟಾ? ನೀರು ಕುಡಿಸಿದೆಯಾ?” ಎಂದಷ್ಟೇ ಕೇಳಿದರು. ಬೈಯಲಿಲ್ಲ. ಒಣ ಹುರುಳಿ ನೀರು ಹೀರಿ ಹೊಟ್ಟೆಯಲ್ಲಿ ಉಬ್ಬುತ್ತದೆ. ಕುದುರೆಗೆ ಮನುಷ್ಯರಂತೆ ವಾಂತಿ ಮಾಡಲು ಬಾರದು. ಇಂಥ ಹೊಟ್ಟೆಶೂಲೆಯಿಂದ ಅದು ಸಾಯಲೂಬಹುದು. ಇಂದಾದರೆ ಪಶುವೈದ್ಯರನ್ನು ಕರೆಯಬೇಕು. ಅಂದು ಆ ಕತ್ತಲೆಯಲ್ಲಿ ಅವರಿಗೆ ತಿಳಿದಿದ್ದ ಉಪಾಯ ಒಂದೇ. ಕುದುರೆ ಬಿದ್ದು ಹೊರಳದಂತೆ ಅದನ್ನು ನಡೆಸುವುದು.

ಅವರು ಹಗ್ಗ ಹಿಡಿದರು; ನಾನು ಲಾಂದ್ರ ಹಿಡಿದೆ. ಗುಡಿಯಲ್ಲಿ ಜಾಗರಣೆಯ ಭಜನೆ ನಡೆಯುತ್ತಿತ್ತು. ಚಂದ್ರನಿಲ್ಲದ ಆಕಾಶದ ಕೆಳಗೆ ನಾವು ಏರಿಯ ಈ ತುದಿಯಿಂದ ಆ ತುದಿಗೆ ನಡೆದೆವು; ನಿಂತೆವು; ಮತ್ತೆ ನಡೆದೆವು. ಕುದುರೆ ಮಂಡಿಯೂರಲು ಹೋದಾಗಲೆಲ್ಲ ಸಾಹೇಬರು ಅದರ ಕತ್ತನ್ನು ತಬ್ಬಿ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಒಮ್ಮೆ ಮಾತ್ರ ನನ್ನ ಕಡೆ ತಿರುಗಿ, “ನನ್ನ ಮನೆಯಲ್ಲಿ ಆರು ಜನ. ಅವರೆಲ್ಲರ ಅನ್ನ ಇದರ ಕಾಲಿನಲ್ಲಿದೆ” ಎಂದರು. ಆ ಮಾತು ಏಟಿಗಿಂತ ಹೆಚ್ಚಾಗಿ ನನಗೆ ತಾಗಿತು. ನಡುರಾತ್ರಿಯ ಹೊತ್ತಿಗೆ ಆ ದನಗಾಹಿ ಹುಡುಗನೂ ಬಂದು ನಮ್ಮೊಡನೆ ನಡೆಯತೊಡಗಿದ. ಅವನನ್ನು ಯಾರೂ ಕರೆದಿರಲಿಲ್ಲ. ಲಾಂದ್ರವನ್ನು ನನ್ನ ಕೈಯಿಂದ ತೆಗೆದುಕೊಂಡು, “ಸ್ವಲ್ಪ ನಾನು ಹಿಡೀತೀನಿ” ಎಂದ.

ಬೆಟ್ಟದ ಹಿಂದೆ ಬೆಳಕು ಮೂಡುವ ಹೊತ್ತಿಗೆ ಕುದುರೆ ಲದ್ದಿ ಹಾಕಿತು. ಸಾಹೇಬರು ನಿಂತಲ್ಲಿಯೇ ಕುಳಿತುಬಿಟ್ಟರು. ಅವರ ಕಣ್ಣುಗಳು ತುಂಬಿದ್ದವು. ಮಾವ ಆ ಹುಡುಗನನ್ನು ಕರೆದು, “ನಿನ್ನ ಮೇಲೆ ಸುಮ್ಮನೆ ಅನುಮಾನಪಟ್ಟೆ, ತಪ್ಪಾಯಿತು” ಎಂದು ಹೇಳಿ, ನಮ್ಮೊಡನೆ ಊಟಕ್ಕೆ ಕೂರಿಸಿಕೊಂಡರು. ಸಾಹೇಬರು ಎರಡು ದಿನ ಗಾಡಿ ಕಟ್ಟಲಿಲ್ಲ. ಆ ಎರಡು ದಿನಗಳ ಬಾಡಿಗೆಯನ್ನೂ ತಾತ ಕೊಟ್ಟರು.

ಈಗ ನಮ್ಮ ರಸ್ತೆಗಳಲ್ಲಿ ಜಟಕಾ ಕಾಣುವುದು ಅಪರೂಪ. ಕೆರೆಗಳೂ ಬಹುಕಾಲ ಬತ್ತಿದ್ದವು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಹಲವು ಕೆರೆಗಳಿಗೆ ಹರಿದುಬರುತ್ತಿದೆ. ಆವಣಿಗೆ ಹೋದಾಗಲೆಲ್ಲ ನಾನು ಕೆರೆಯ ಕಡೆಗೆ ನಡೆಯುತ್ತೇನೆ. ಪ್ರಾಣಿಯನ್ನು ಪ್ರೀತಿಸಿದರೆ ಸಾಲದು, ಅದರ ಅಳತೆಯನ್ನೂ ಅರಿತಿರಬೇಕು ಎಂಬುದನ್ನು ನಾನು ಕಲಿತುದು ಅಲ್ಲಿ. ತಪ್ಪನ್ನು ಒಪ್ಪಿಕೊಳ್ಳಲು ನಾನು ಇನ್ನೊಂದು ಗಳಿಗೆ ತಡಮಾಡಿದ್ದರೆ ಏನಾಗುತ್ತಿತ್ತೆಂಬ ಯೋಚನೆ ಈಗಲೂ ನನ್ನನ್ನು ನಡುಗಿಸುತ್ತದೆ.

ಅಭ್ಯಾಸ

1. ಕೋಲಾರ ಜಿಲ್ಲೆಯ ಜನರು ಕೆರೆಗಳನ್ನು ಕಟ್ಟಿಕೊಳ್ಳಲು ಕಾರಣವೇನು?
2. ಸಾಹೇಬರು ಕುದುರೆಯನ್ನು ನೋಡಿಕೊಳ್ಳುತ್ತಿದ್ದ ಬಗೆಯನ್ನು ವಿವರಿಸಿ.
3. ಲೇಖಕರು ನಿಜ ಹೇಳದೆ ಇದ್ದಿದ್ದರೆ ಯಾರು ಯಾರಿಗೆ ಅನ್ಯಾಯವಾಗುತ್ತಿತ್ತು?
4. “ಅವರೆಲ್ಲರ ಅನ್ನ ಇದರ ಕಾಲಿನಲ್ಲಿದೆ.” ಈ ಮಾತಿನ ಸಂದರ್ಭವನ್ನೂ ಸ್ವಾರಸ್ಯವನ್ನೂ ತಿಳಿಸಿ.
5. ನಿಮ್ಮ ಊರಿನ ಕೆರೆಯ ಏರಿ, ತೂಬು, ಕೋಡಿಗಳನ್ನು ನೋಡಿ ಬಂದು ಒಂದು ಪ್ರಬಂಧ ಬರೆಯಿರಿ.