ನಿಯೋ ಜಿಯೋಗೆ ಹೊಸ ಬಯಾಸ್: ಹಳೆಯ ಚಿಪ್ ತೆಗೆದು ಬೇರೆ ಕೂರಿಸುವ ಕ್ರಮ

ಜಪಾನಿನ ಎಸ್‌ಎನ್‌ಕೆ ಕಂಪನಿ 1990ರಲ್ಲಿ ಹೊರತಂದ ನಿಯೋ ಜಿಯೋ ಎಇಎಸ್ ಕನ್ಸೋಲ್ ಯಾವ ದೇಶಕ್ಕೆಂದು ತಯಾರಾಗಿದೆಯೋ ಅದನ್ನು ನೋಡಿಕೊಂಡು ಆಟವೂ ವೇಷ ಬದಲಿಸುತ್ತದೆ. ಒಂದೇ ಕಾರ್ಟ್ರಿಜ್ ಜಪಾನಿನ ಯಂತ್ರದಲ್ಲಿ ಜಪಾನಿ ಅಕ್ಷರ ತೋರಿಸಿದರೆ, ಅಮೆರಿಕದ ಯಂತ್ರದಲ್ಲಿ ಇಂಗ್ಲಿಷ್ ತೋರಿಸುತ್ತದೆ. ಯಂತ್ರ ಚಾಲೂ ಆದೊಡನೆ ಓಡುವ ತಂತ್ರಾಂಶವೇ ಬಯಾಸ್; ಮೂಲ ಬಯಾಸ್ ಚಿಪ್ ತೆಗೆದು ಯುನಿವರ್ಸ್ ಬಯಾಸ್ ಎಂಬ ಬದಲಿ ತಂತ್ರಾಂಶದ ಚಿಪ್ ಕೂರಿಸಿದರೆ ದೇಶವನ್ನೂ, ಮನೆ ಅಥವಾ ಆರ್ಕೇಡ್ ಮೋಡನ್ನೂ ಪರದೆಯ ಮೇಲೆಯೇ ಆರಿಸಿಕೊಳ್ಳಬಹುದು.

ಬೇಕಾಗುವುದು ಯುನಿವರ್ಸ್ ಬಯಾಸ್ ಬರೆದಿಟ್ಟ 27ಸಿ1024 ಚಿಪ್: 40 ಕಾಲಿನ, 128 ಕಿಲೋಬೈಟ್ ಹಿಡಿಸುವ ಇಪ್ರಾಮ್. ಅದರ ನೆತ್ತಿಯ ಗಾಜಿನ ಕಿಟಕಿಗೆ ಅಂಟಿಸಿದ ಚೀಟಿಯನ್ನು ಕೀಳಬಾರದು. ಅತಿನೇರಳೆ ಕಿರಣ ಬಿದ್ದರೆ ಬರೆದದ್ದು ಅಳಿಸಿಹೋಗುತ್ತದೆ.

ವಿದ್ಯುತ್ ತಂತಿ ಕಳಚಿ, ಕವಚ ಬಿಚ್ಚಿ, ಬೋರ್ಡನ್ನು ಹೊರತೆಗೆಯಬೇಕು. ಹಳೆಯ ಬಯಾಸ್ ಚಿಪ್ಪಿನ ಒಂದು ತುದಿಯಲ್ಲಿರುವ ಅರ್ಧಚಂದ್ರದ ಕಚ್ಚು ಯಾವ ದಿಕ್ಕಿಗಿದೆ ಎಂದು ಮೊದಲೇ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಮುಂದಿನದು ನಿಜವಾಗಿ ನಾಜೂಕಿನ ಕೆಲಸ. ಎಇಎಸ್‌ನಲ್ಲಿ ಈ ಚಿಪ್ಪನ್ನು ಸಾಮಾನ್ಯವಾಗಿ ನೇರವಾಗಿ ಬೆಸುಗೆ ಹಾಕಿರುತ್ತಾರೆ. ಬೋರ್ಡಿನ ರಂಧ್ರಗಳ ಒಳಗೋಡೆಗೂ ತಾಮ್ರದ ಲೇಪವಿದೆ. ಸೀಸ ಕರಗುವ ಮುನ್ನ ಚಿಪ್ಪನ್ನು ಮೀಟಿದರೆ ಆ ಲೇಪ, ಜೊತೆಗೆ ಮೇಲಿನ ತಾಮ್ರದ ಗೆರೆಯೂ ಕಿತ್ತು ಬರುತ್ತದೆ. ಬೆಸುಗೆ ಹೀರುವ ಗನ್ ಇಲ್ಲದವರಿಗೆ ಕ್ಷೇಮದ ದಾರಿಯೆಂದರೆ ಚಿಪ್ಪಿನ ಮೈಗೆ ತಾಗಿದಂತೆ ಕಾಲುಗಳನ್ನು ಸಣ್ಣ ಕಟ್ಟರ್‌ನಿಂದ ಕತ್ತರಿಸಿ, ಉಳಿದ ತುಂಡುಗಳನ್ನು ಒಂದೊಂದಾಗಿ ಕಾಯಿಸಿ ಚಿಮಟದಿಂದ ಎಳೆಯುವುದು. ಮೂಲ ಚಿಪ್ ಹಾಳಾಗುತ್ತದೆ, ಬೋರ್ಡ್ ಉಳಿಯುತ್ತದೆ. ಗ್ರೌಂಡ್‌ಗೆ ಸೇರಿದ ಕಾಲುಗಳು ಬೇಗ ಕಾಯುವುದಿಲ್ಲ. ಅಲ್ಲಿ ಸ್ವಲ್ಪ ಹೊಸ ಸೀಸ ಸೇರಿಸಿ ತಾಳ್ಮೆಯಿಂದ ಕಾಯಬೇಕು, ಬಲ ಹಾಕಬಾರದು.

ರಂಧ್ರಗಳನ್ನು ಡೀಸೋಲ್ಡರಿಂಗ್ ಬತ್ತಿಯಿಂದ ಸ್ವಚ್ಛಗೊಳಿಸಿ, ಹೊಸ ಚಿಪ್ಪಿನ ಬದಲು 40 ಕಾಲಿನ ಸಾಕೆಟ್ಟನ್ನೇ ಬೆಸೆಯಬೇಕು. ಮಲ್ಟಿಮೀಟರಿನಿಂದ ಪಕ್ಕಪಕ್ಕದ ಕಾಲುಗಳು ಒಂದಕ್ಕೊಂದು ತಗುಲಿವೆಯೇ ಎಂದು ನೋಡಿ, ಕಚ್ಚಿನ ದಿಕ್ಕು ಹೊಂದಿಸಿ ಚಿಪ್ಪನ್ನು ಒತ್ತಬೇಕು. ಹೊಸ ಚಿಪ್ಪಿನ ಕಾಲುಗಳು ತುಸು ಹೊರಚಾಚಿರುತ್ತವೆ; ಮೇಜಿನ ಮೇಲೆ ಓರೆಯಾಗಿ ಒತ್ತಿ ನೆಟ್ಟಗೆ ಮಾಡಿಕೊಂಡರೆ ಮಡಚಿಕೊಳ್ಳುವುದಿಲ್ಲ.

ಚಾಲೂ ಮಾಡುವ ಮುನ್ನ ಅಡಾಪ್ಟರ್ ನೋಡಬೇಕು. ಕೆಲವು ಎಇಎಸ್‌ಗಳಿಗೆ 5 ವೋಲ್ಟ್, ಕೆಲವಕ್ಕೆ 9 ವೋಲ್ಟ್ ಬೇಕು. ಯಂತ್ರದ ಮೇಲಿನ ಲೇಬಲ್ಲನ್ನೇ ನಂಬಬೇಕು. ಜಪಾನಿನ 100 ವೋಲ್ಟ್ ಅಡಾಪ್ಟರನ್ನು ಭಾರತದ 230 ವೋಲ್ಟ್ ಪ್ಲಗ್ಗಿಗೆ ನೇರ ಸಿಕ್ಕಿಸಬಾರದು.

ಕಾರ್ಟ್ರಿಜ್ ಹಾಕಿ ಚಾಲೂ ಮಾಡಿದಾಗ ಹೊಸ ಬಯಾಸ್‌ನ ಪರದೆ ಕಂಡರೆ ಕೆಲಸ ಸರಿಯಾಗಿದೆ. ಆಗ ಎ, ಬಿ, ಸಿ ಗುಂಡಿಗಳನ್ನು ಒಟ್ಟಿಗೆ ಹಿಡಿದರೆ ಮೆನು ತೆರೆಯುತ್ತದೆ. ಪರದೆ ಚೆಲ್ಲಾಪಿಲ್ಲಿಯಾಗಿ ಯಂತ್ರ ಮತ್ತೆ ಮತ್ತೆ ಮೊದಲಿನಿಂದ ಶುರುವಾಗುತ್ತಿದ್ದರೆ ಕೂಡಲೇ ಆಫ್ ಮಾಡಿ, ಮಡಚಿದ ಕಾಲು ಅಥವಾ ಅರೆಬರೆ ಬೆಸುಗೆಯನ್ನು ಹುಡುಕಬೇಕು.