ಓಲೆಗರಿ ಮತ್ತು ಕಡತ: ಕಂಪ್ಯೂಟರ್ ಕೊಠಡಿಯ ಬೀಗದ ಕೈ ಪಡೆದ ಕಿರಿಯನಿಗೊಂದು ಪತ್ರ

 

ಪ್ರೌಢಶಾಲೆಯಲ್ಲಿ ಗಣಿತೋಪಾಧ್ಯಾಯನಾಗಿ ನೀನು ಸೇರಿ ಹದಿನೈದು ದಿನ ತುಂಬುವ ಮುನ್ನವೇ ಮುಖ್ಯೋಪಾಧ್ಯಾಯರು ಕಂಪ್ಯೂಟರ್ ಕೊಠಡಿಯ ಬೀಗದ ಕೈಯನ್ನು ನಿನ್ನ ವಶಕ್ಕೆ ಕೊಟ್ಟು, “ಜೋಪಾನ, ಯಾವುದೂ ಕೆಡಬಾರದು” ಎಂದು ಅಪ್ಪಣೆ ಮಾಡಿದರೆಂಬುದನ್ನು ನಿನ್ನ ಕಾಗದದಲ್ಲಿ ಓದಿದಾಗ ನನಗೆ ನಗೆಯೂ ಬಂದಿತು, ಒಳಗೊಂದಿಷ್ಟು ಖೇದವೂ ಆಯಿತು. ಸರ್ಕಾರದ ‘ಮಾಹಿತಿ ಸಿಂಧು’ ಯೋಜನೆಯ ದಿನಗಳಲ್ಲಿ ನಮ್ಮ ಶಾಲೆಗೆ ಮೊತ್ತಮೊದಲು ಯಂತ್ರಗಳು ಬಂದಾಗ ನನಗೂ ಇಂಥದೇ ಬೀಗದ ಕೈ, ಇದೇ ಅಪ್ಪಣೆ ದೊರೆತಿದ್ದವು. ಅದನ್ನು ನಾನು ಎಷ್ಟು ನಿಷ್ಠೆಯಿಂದ ಪಾಲಿಸಿದೆನೆಂದರೆ, ತನಿಖೆಗೆ ಸಾಹೇಬರು ಬರುವ ದಿನ ಮತ್ತು ಆಯುಧಪೂಜೆಯಂದು ಮಾನಿಟರುಗಳಿಗೆ ಕುಂಕುಮವಿಡುವ ದಿನ, ಇವೆರಡನ್ನು ಬಿಟ್ಟರೆ ಆ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಯಂತ್ರಗಳು ಕೆಡಲಿಲ್ಲ, ನಿಜ. ಕೆಡದೆಯೇ ಮುದಿಯಾದವು, ಕೆಡದೆಯೇ ಗುಜರಿಗೆ ಹೋದವು. ಅವುಗಳನ್ನು ಮುಟ್ಟದೆಯೇ ಹಲವು ತಂಡದ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿಕೊಂಡು ಊರು ಬಿಟ್ಟರು.

ನನ್ನ ಭಯ ನಿಷ್ಕಾರಣವಾದುದೆಂದು ಹೇಳಲಾರೆ. ತರುವಾಯ ಬಂದ ಎರಡನೆಯ ಕಂತಿನ ಯಂತ್ರಗಳಿಗೆ, ಹುಡುಗನೊಬ್ಬ ಸಿನಿಮಾ ಹಾಡು ತುಂಬಿ ತಂದ ಪೆನ್‌ಡ್ರೈವಿನಿಂದ ಒಂದೇ ಮಧ್ಯಾಹ್ನದಲ್ಲಿ ವೈರಸ್ ಹತ್ತಿ, ಹತ್ತಕ್ಕೆ ಹತ್ತೂ ಮಲಗಿದವು. ಪಟ್ಟಣದ ಮೆಕ್ಯಾನಿಕ್ ಬರಲು ಒಂದು ತಿಂಗಳಾಯಿತು. ಬಂದವನು ಒಂದೊಂದಕ್ಕೂ ಅರ್ಧ ದಿನದಂತೆ ಐದು ದಿನ ಕುಳಿತು ಎಲ್ಲವನ್ನೂ ಹೊಸದಾಗಿ ಹೂಡಿಕೊಟ್ಟು ಹೋದ ವಾರದಲ್ಲಿಯೇ ಅದೇ ಪೆನ್‌ಡ್ರೈವ್ ಮರಳಿ ಬಂದಿತು.

ನಮ್ಮ ಹಿರಿಯರ ಕೂಲಿಮಠಗಳನ್ನು ನೆನೆದುಕೋ. ಅಕ್ಷರಾಭ್ಯಾಸಕ್ಕೆ ಕುಳಿತ ಕೂಸಿಗೆ ಅಲ್ಲಿನ ಅಯ್ಯನವರು ಓಲೆಗರಿಯನ್ನೂ ಕಂಟವನ್ನೂ ಕೊಡುತ್ತಿರಲಿಲ್ಲ. ಓಲೆಯಲ್ಲಿ ಕೊರೆದುದು ಶಾಶ್ವತ, ತಪ್ಪಿದರೆ ಆ ಗರಿಯೇ ವ್ಯರ್ಥ. ಮೊದಲು ಮರಳಿನ ಮೇಲೆ ಬೆರಳು, ಆಮೇಲೆ ಕಡತದ ಮೇಲೆ ಬಳಪ. ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು ಮಾಡಿದ ಆ ಕಪ್ಪು ಪುಸ್ತಕವನ್ನು ಎಷ್ಟು ಸಲ ಬೇಕಾದರೂ ಅಳಿಸಿ ಬರೆಯಬಹುದಾಗಿತ್ತು. ಕಂಪ್ಯೂಟರಿನ ಫೈಲಿಗೆ ಇಂದು ನಾವು ಕಡತವೆಂದೇ ಹೆಸರಿಟ್ಟಿದ್ದೇವಷ್ಟೆ. ಹೆಸರನ್ನು ಎತ್ತಿಕೊಂಡೆವು, ಅದರ ಗುಣವನ್ನು ಮರೆತೆವು. ಗಣಕದ ಕೊಠಡಿಯಲ್ಲಿ ಎಳೆಯ ಮಕ್ಕಳ ಕೈಗೆ ನೇರವಾಗಿ ಓಲೆಗರಿಯನ್ನು ಕೊಟ್ಟು, ಅವರು ತಪ್ಪಿದರೆಂದು ಬಾಗಿಲಿಗೆ ಬೀಗ ಜಡಿದೆವು.

ನಿನಗೆ ನಾನು ಹೇಳಬೇಕೆಂದಿರುವ ವರ್ಚುಯಲ್ ಮಷೀನ್ ಎಂಬುದು ಆ ಕಳೆದುಹೋದ ಕಡತವೇ. ನನ್ನ ಪಂಡಿತಮಿತ್ರರೊಬ್ಬರು ಇದಕ್ಕೆ ‘ಮಿಥ್ಯಾಯಂತ್ರ’ವೆಂಬ ಹೆಸರನ್ನು ಸೂಚಿಸಿದರು, ಆದರೆ ಅದರೊಳಗೆ ಮಾಡಿದ ಲೆಕ್ಕಕ್ಕೆ ಸರಿಯಾದ ಉತ್ತರವೇ ಬರುವುದರಿಂದ, ಹಗ್ಗದಲ್ಲಿ ಕಂಡ ಹಾವಿನ ಜಾತಿಗೆ ಅದನ್ನು ಸೇರಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಎದುರಿಗಿರುವ ನಿಜವಾದ ಯಂತ್ರವು ಆತಿಥೇಯ. ಅದು ತನ್ನ ಸ್ಮೃತಿಯಲ್ಲಿಯೂ ಡಿಸ್ಕಿನಲ್ಲಿಯೂ ಒಂದೊಂದು ಪಾಲನ್ನು ಬಿಟ್ಟುಕೊಟ್ಟು ಒಬ್ಬ ಅತಿಥಿಯನ್ನು ಕೂರಿಸಿಕೊಳ್ಳುತ್ತದೆ. ಆ ಅತಿಥಿಯೊಳಗೆ ಹೂಡಿದ ಲಿನಕ್ಸೋ ವಿಂಡೋಸೋ, ತನಗೊಂದು ಸ್ವಂತ ಪ್ರೊಸೆಸರು, ಸ್ವಂತ ಡಿಸ್ಕು, ಸ್ವಂತ ನೆಟ್‌ವರ್ಕ್ ಕಾರ್ಡು ಇವೆಯೆಂದೇ ನಂಬಿ ನಡೆಯುತ್ತದೆ. ಆದರೆ ಅದು ಡಿಸ್ಕೆಂದು ನಂಬಿದುದು ಹೊರಗಿನಿಂದ ನೋಡುವ ನಿನಗೆ ಕೇವಲ ಒಂದು ದೊಡ್ಡ ಕಡತ. ಸಮಸ್ತ ಮರ್ಮವೂ ಇಷ್ಟರಲ್ಲಿಯೇ ಅಡಗಿದೆ. ಏಕೆಂದರೆ ಕಡತವನ್ನು ಪ್ರತಿಮಾಡಬಹುದು, ಮುದ್ರೆಯೊತ್ತಿ ಇಡಬಹುದು, ಕೆಟ್ಟರೆ ಎಸೆಯಬಹುದು.

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. 1960ರ ದಶಕದಲ್ಲಿ ಅಮೆರಿಕದ ಕೇಂಬ್ರಿಜ್ ನಗರದಲ್ಲಿದ್ದ ಐಬಿಎಂ ಸಂಸ್ಥೆಯ ವಿಜ್ಞಾನ ಕೇಂದ್ರದವರು, ಒಂದೇ ಮಹಾಯಂತ್ರವನ್ನು ಹಲವರು ಹಂಚಿಕೊಂಡರೂ ಪ್ರತಿಯೊಬ್ಬನಿಗೂ ಇಡೀ ಯಂತ್ರ ತನ್ನದೇ ಎಂಬ ಅನುಭವವಾಗುವಂತೆ ಸಿಪಿ-40 ಎಂಬ ವ್ಯವಸ್ಥೆಯನ್ನು ರಚಿಸಿದರು. 1972ರಲ್ಲಿ ಅದರ ಸಂತತಿಯಾದ ವಿಎಂ/370 ಪೇಟೆಗೆ ಬಂದಿತು. ಮೇಜಿನ ಮೇಲಣ ಸಣ್ಣ ಯಂತ್ರಗಳಿಗೆ ಈ ವಿದ್ಯೆ ಇಳಿದುಬರಲು 1999ರವರೆಗೆ ಕಾಯಬೇಕಾಯಿತು. ಆ ವರ್ಷ ವಿಎಂವೇರ್ ಬಂದಿತು, 2005 ಮತ್ತು 2006ರಲ್ಲಿ ಇಂಟೆಲ್, ಎಎಂಡಿಗಳು ಪ್ರೊಸೆಸರಿನಲ್ಲಿಯೇ ಇದಕ್ಕೆ ಅನುಕೂಲ ಕಲ್ಪಿಸಿದವು, 2007ರಲ್ಲಿ ವರ್ಚುಯಲ್‌ಬಾಕ್ಸ್ ಮುಕ್ತ ತಂತ್ರಾಂಶವಾಗಿ ಹೊರಬಂದಿತು. ಯಂತ್ರಗಳ ಅಭಾವದಿಂದ ಹುಟ್ಟಿದ ಈ ಉಪಾಯವು, ಯಂತ್ರಗಳಿದ್ದೂ ದುರಸ್ತಿ ಬಲ್ಲವರಿಲ್ಲದ ನಮ್ಮ ಹಳ್ಳಿಯ ಶಾಲೆಗಳಿಗೆ ಒದಗಿಬಂದುದು ಒಂದು ವಿನೋದವೇ ಸರಿ.

ನಾನು ಮಾಡಿದ ಕ್ರಮವನ್ನು ಹೇಳುತ್ತೇನೆ. ಒಂದೇ ಒಂದು ಅತಿಥಿಯನ್ನು, ರಜೆಯಲ್ಲಿ, ಅವಸರವಿಲ್ಲದೆ ಸಿದ್ಧಪಡಿಸಿದೆ: ಲಿನಕ್ಸ್, ಯೂನಿಕೋಡ್ ಕನ್ನಡ, ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಲಿಬ್ರೆ ಆಫೀಸ್, ಜಿಯೋಜೀಬ್ರಾ, ಸ್ಕ್ರ್ಯಾಚ್, ಚಿಕ್ಕವರಿಗೆ ಟಕ್ಸ್ ಪೇಂಟ್. ಎಲ್ಲವೂ ಮನಸ್ಸಿಗೆ ಒಪ್ಪಿದ ಮೇಲೆ ಆ ಕಡತವನ್ನು ಹತ್ತೂ ಯಂತ್ರಗಳಿಗೆ ಪ್ರತಿಮಾಡಿ, ವರ್ಚುಯಲ್‌ಬಾಕ್ಸಿನಲ್ಲಿ ‘ಇಮ್ಯೂಟಬಲ್’ ಎಂಬ ಸ್ಥಿತಿಯಲ್ಲಿರಿಸಿ ಮುದ್ರೆಯೊತ್ತಿದೆ. ಹೀಗಿರಿಸಿದಲ್ಲಿ ಮೂಲವು ಓಲೆಗರಿಯಂತೆ ಮುಟ್ಟಲಾರದ್ದಾಗಿ ಉಳಿದು, ಮಕ್ಕಳು ಮಾಡುವ ಸಮಸ್ತ ಬದಲಾವಣೆಯೂ ಅದರ ಮೇಲೆ ಹಾಸಿದ ಇನ್ನೊಂದು ತೆಳುವಾದ ಕಡತದಲ್ಲಿ ಸೇರುತ್ತದೆ. ಅತಿಥಿಯನ್ನು ಪೂರ್ತಿಯಾಗಿ ಆರಿಸಿ ಮತ್ತೆ ಎಬ್ಬಿಸಿದೊಡನೆ ಆ ತೆಳುಪದರ ಬರಿದಾಗುತ್ತದೆ. ಒಳಗಿನಿಂದ ರೀಸ್ಟಾರ್ಟ್ ಮಾಡಿದರೆ ಬರಿದಾಗುವುದಿಲ್ಲವೆಂಬುದನ್ನು ನೆನಪಿನಲ್ಲಿಡು. ಇದು ತಿಳಿಯದೆ ನಾನೊಂದು ಮಧ್ಯಾಹ್ನವನ್ನು ಹಾಳುಮಾಡಿಕೊಂಡೆ.

ನನ್ನ ಇನ್ನೊಂದು ತಿಳಿಗೇಡಿತನಕ್ಕೆ ಬೆಲೆ ತೆತ್ತವಳು ಒಂಬತ್ತನೆಯ ತರಗತಿಯ ಹುಡುಗಿ. ತನ್ನ ಅಜ್ಜಿ ಹಾಡುತ್ತಿದ್ದ ಸೋಬಾನೆ ಪದಗಳನ್ನು ಅವಳು ಶಾಲೆ ಬಿಟ್ಟ ಮೇಲೂ ಕುಳಿತು, ಅಕ್ಷರ ಅಕ್ಷರ ಹುಡುಕಿ, ಕನ್ನಡದಲ್ಲಿ ಟೈಪು ಮಾಡುತ್ತಿದ್ದಳು. ಹೊಸ ಏರ್ಪಾಡಿನ ಮೊದಲ ವಾರದಲ್ಲಿ ಯಂತ್ರಗಳನ್ನು ಪೂರ್ತಿಯಾಗಿ ಆರಿಸದೆ ತಾತ್ಕಾಲಿಕವಾಗಿ ಮಲಗಿಸಿ ಹೋಗುತ್ತಿದ್ದೆನಾದ್ದರಿಂದ ಅವಳ ಬರಹ ಉಳಿದುಕೊಂಡಿತ್ತು. ಶನಿವಾರ ಎಲ್ಲವನ್ನೂ ಆರಿಸಿದೆ. ಸೋಮವಾರ ಬೆಳಗ್ಗೆ ಪರದೆ ಹಸನಾಗಿ, ತೊಳೆದಿಟ್ಟ ಹಾಗೆ ಇದ್ದಿತು. ಮಕ್ಕಳ ಕೆಲಸಕ್ಕೆಂದು ಅತಿಥಿಯ ಹೊರಗೆ, ಆತಿಥೇಯದ ಡಿಸ್ಕಿನಲ್ಲಿ ಹಂಚಿಕೆಯ ಫೋಲ್ಡರೊಂದನ್ನು ತೆರೆದಿಡಬೇಕೆಂಬ ಯೋಚನೆ ನನಗೆ ಹೊಳೆದಿರಲೇ ಇಲ್ಲ. ಅವಳು ಅಳಲಿಲ್ಲ, ದೂರಲಿಲ್ಲ, ಆ ಪದಗಳನ್ನು ಮತ್ತೆ ಟೈಪು ಮಾಡಲೂ ಇಲ್ಲ. ಏಕೆಂದು ಕೇಳಲು ನನಗೆ ಬಾಯಿ ಬರಲಿಲ್ಲ. ಆದಕಾರಣ ಮೊದಲು ಫೋಲ್ಡರನ್ನು ಏರ್ಪಡಿಸು, ಆಮೇಲೆ ಮುದ್ರೆಯೊತ್ತು. ಮತ್ತು ಆ ಫೋಲ್ಡರಿಗೆ ಕಡತದ ರಕ್ಷೆಯಿಲ್ಲ. ಅತಿಥಿಯೊಳಗಣ ವೈರಸ್ಸಾಗಲಿ ಅಚಾತುರ್ಯವಾಗಲಿ ಅದನ್ನು ಮುಟ್ಟಬಲ್ಲದು. ದಿನವೂ ಸಂಜೆ ಅದರ ಪ್ರತಿಯನ್ನು ಬೇರೊಂದು ಡಿಸ್ಕಿಗೆ ಇಳಿಸಿ ಅಲಮಾರಿನಲ್ಲಿಡು. ಅತಿಥಿಯ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್ ತೆಗೆದಿದ್ದೇನೆ, ಅದೇ ಸಾಕೆಂದು ಯಾರಾದರೂ ಹೇಳಿದರೆ ನಂಬಬೇಡ. ಡಿಸ್ಕೇ ಸತ್ತರೆ ಸ್ನ್ಯಾಪ್‌ಶಾಟೂ ಅದರೊಡನೆ ಸಾಯುತ್ತದೆ.

ಹತ್ತು ಯಂತ್ರಗಳಿಗೆ ಹತ್ತು ಪ್ರತಿಯೇಕೆ, ಬಲವಾದ ಸರ್ವರೊಂದನ್ನಿಟ್ಟು ಅತಿಥಿಗಳೆಲ್ಲರನ್ನೂ ಅಲ್ಲಿಯೇ ನಡೆಸಿ, ಮಕ್ಕಳ ಮುಂದೆ ಪರದೆ ಕೀಲಿಮಣೆಗಳನ್ನಷ್ಟೇ ಇಡಬಾರದೇಕೆ ಎಂದು ನೀನು ಕೇಳಿರುವೆ. ನಗರದ ಕಾಲೇಜಿಗೆ ಅದು ಸರ್ವಥಾ ಯೋಗ್ಯ. ಆದರೆ ನಿನ್ನ ಊರಿನಲ್ಲಿ ಕರೆಂಟು ದಿನಕ್ಕೆಷ್ಟು ಸಲ ಹೋಗುತ್ತದೆಂಬುದನ್ನು ನೀನೇ ಬರೆದಿದ್ದೀಯೆ. ಒಂದು ಯಂತ್ರ ಕೆಟ್ಟರೆ ಒಂಬತ್ತು ನಡೆಯುವ ಏರ್ಪಾಡಿಗೂ, ಒಂದು ಕೆಟ್ಟರೆ ಹತ್ತೂ ನಿಲ್ಲುವ ಏರ್ಪಾಡಿಗೂ ಇರುವ ತಾರತಮ್ಯವನ್ನು ಗಣಿತೋಪಾಧ್ಯಾಯನಿಗೆ ನಾನು ವಿವರಿಸಬೇಕಾಗಿಲ್ಲ. ದೊರೆಯುವ ಹಣ ಅಲ್ಪವಾದರೆ ಸರ್ವರಿಗಿಂತ ಮೊದಲು ಸ್ಮೃತಿಯನ್ನು ಹೆಚ್ಚಿಸಿಕೋ. 4 ಜಿಬಿ ಇದ್ದಲ್ಲಿ ಅತಿಥಿಗೆ 2 ಜಿಬಿ ಕೊಟ್ಟು ಹಗುರವಾದ ಲಿನಕ್ಸನ್ನು ನಡೆಸಬಹುದು. 2 ಜಿಬಿ ಮಾತ್ರವಿರುವ ಹಳೆಯ ಯಂತ್ರದಲ್ಲಿ ಈ ಸಾಹಸವೇ ಬೇಡ, ಆತಿಥೇಯನೂ ಅತಿಥಿಯೂ ಒಟ್ಟಿಗೆ ಉಪವಾಸ ಬೀಳುತ್ತಾರೆ.

ವಿಂಡೋಸ್ 10ರ ಪೋಷಣೆ 2025ರ ಅಕ್ಟೋಬರ್ 14ಕ್ಕೆ ಮುಗಿದುದರಿಂದ ಯಂತ್ರಗಳನ್ನೇ ಬದಲಿಸಬೇಕೆಂದು ಯಾರೋ ನಿನ್ನನ್ನು ಹೆದರಿಸಿದ್ದಾರೆ. ಆತಿಥೇಯವಾಗಿ ಲಿನಕ್ಸನ್ನು ಹೂಡಿದರೆ ಆ ಯಂತ್ರಗಳು ಇನ್ನೂ ಕೆಲವು ವರ್ಷ ದುಡಿಯುತ್ತವೆ. ನೆರೆಯ ಕೇರಳದವರು 2001ರಲ್ಲಿ ತೊಡಗಿದ ಐಟಿ@ಸ್ಕೂಲ್ ಯೋಜನೆಯಲ್ಲಿ ಮುಕ್ತ ತಂತ್ರಾಂಶವನ್ನು ಆರಿಸಿಕೊಂಡು ಶಾಲೆಗಳನ್ನು ಅದರಲ್ಲಿಯೇ ನಡೆಸಿಕೊಂಡು ಬಂದಿದ್ದಾರೆ. ಆದರೆ ಶಾಲೆಯ ಗುಮಾಸ್ತರ ಹಳೆಯ ನುಡಿ ಅಕ್ಷರಶೈಲಿಯ ಪತ್ರಗಳು, ವಿಂಡೋಸಿನಲ್ಲಿ ಮಾತ್ರ ಏಳುವ ಪಾಠದ ಸಿ.ಡಿ.ಗಳು ಇದ್ದೇ ಇರುತ್ತವೆ. ಅವುಗಳಿಗಾಗಿ ಒಂದು ಯಂತ್ರದಲ್ಲಿ ಹಳೆಯ ವಿಂಡೋಸನ್ನು ಅತಿಥಿಯಾಗಿರಿಸಿ, ಅದರ ನೆಟ್‌ವರ್ಕ್ ತಂತಿಯನ್ನು ಸೆಟ್ಟಿಂಗಿನಲ್ಲಿಯೇ ಕಳಚಿಬಿಡು. ಅತಿಥಿಯೆಂದ ಮಾತ್ರಕ್ಕೆ ಪರವಾನಗಿ ಬೇಡವೆಂದಲ್ಲ. ಕಳ್ಳ ಪ್ರತಿಯನ್ನು ಹೂಡಿ ಅದರ ಮುಂದೆಯೇ ಮಕ್ಕಳಿಗೆ ನೀತಿಪಾಠ ಹೇಳುವ ಸಂಕಟ ನಿನಗೆ ಬಾರದಿರಲಿ.

ನಾನು ನಿವೃತ್ತನಾಗುವ ವರ್ಷ, ಹಂಚಿಕೆಯ ಫೋಲ್ಡರನ್ನು ಮೊದಲೇ ಕಳಚಿಟ್ಟು, ಹುಡುಗರನ್ನೆಲ್ಲ ಒಂದು ಪರದೆಯ ಸುತ್ತ ಕೂರಿಸಿ, “ಇದನ್ನು ಕೆಡಿಸಿರಿ” ಎಂದೆ. ಯಾರೂ ಕೈಯೆತ್ತಲಿಲ್ಲ. ಕಡೆಗೆ, ಹಿಂದೆ ಪೆನ್‌ಡ್ರೈವ್ ತಂದಿದ್ದವನ ತಮ್ಮನೇ ಎದ್ದುಬಂದು, ಸಮಸ್ತ ಕಡತಗಳನ್ನೂ ಅಳಿಸಿಹಾಕುವ ಆಜ್ಞೆಯನ್ನು ನಾನು ಹಲಗೆಯ ಮೇಲೆ ಬರೆದಂತೆಯೇ ಒತ್ತಿದನು. ಒಂದೊಂದಾಗಿ ಎಲ್ಲವೂ ಮುರಿದುಬಿದ್ದು ಪರದೆ ಕಪ್ಪಾಯಿತು. ಕೊಠಡಿಯಲ್ಲಿ ಉಸಿರಾಟದ ಸದ್ದೂ ಇಲ್ಲ. ಅತಿಥಿಯನ್ನು ಆರಿಸಿ ಎಬ್ಬಿಸಿದೆ. ಎಲ್ಲವೂ ಇದ್ದ ಹಾಗೆಯೇ ಎದ್ದು ಬಂದಿತು. ಆ ಹುಡುಗ ನನ್ನ ಮುಖವನ್ನೊಮ್ಮೆ ನೋಡಿ, “ಸಾರ್, ಇನ್ನೊಂದು ಸಲ ಮಾಡ್ಲಾ?” ಎಂದನು.

ನನ್ನ ಮೂಲಪ್ರತಿಯ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ, ಬರುವ ಸಂತೆಯ ದಿನ ನಿನ್ನ ಚಿಕ್ಕಪ್ಪನ ಕೈಯಲ್ಲಿ ಕಳುಹಿಸುತ್ತೇನೆ. ಅದು ತಲಪುವಷ್ಟರಲ್ಲಿ ಒಂದೊಂದು ಯಂತ್ರದ ಬಯಾಸ್ ತೆರೆದು, ವರ್ಚುಯಲೈಸೇಶನ್ ಎಂಬ ಅನುಕೂಲ ಆರಿದ್ದರೆ ಹಚ್ಚಿಟ್ಟಿರು. ಬಹುತೇಕ ಯಂತ್ರಗಳಲ್ಲಿ ಅದನ್ನು ಯಾರೂ ಮುಟ್ಟಿರುವುದಿಲ್ಲ.

ಇತಿ,
ನಿನ್ನ ಹಿತಚಿಂತಕ